ಪೂಜಿ ಮಾಲಿ ಹಿಂದಿನ ತೂತು

ಬಾಡಿಗಿ ಕಾರು ಕೊಡೂ ಈ ಕೆಲಸಕ್ಕ ಹೊಸದಾಗಿ ಸೇರಿದವರು ನನ್ನ ಕಂಡ ಕೂಡ್ಲೆ ಕೇಳೂದು ಒಂದ ಮಾತು. "ಈರಣ್ಣಾರ, ಗಿರಾಕಿ ಗಾಡಿ ಹೊಳ್ಳಿ ತಂದು ನಿಲ್ಲಿಸಿದಾಗ ಏನೇನು ನೋಡ್ಬೇಕ್ರಿ?" ಟೈರ್ ನೋಡು, ಗಾಜು ನೋಡು, ಡಿಕ್ಕಿ ತಗದು ಸ್ಟೆಪ್ನಿ ಐತೋ ಇಲ್ಲೋ ನೋಡು ಅಂತ ನಾನೂ ಹೇಳ್ತೇನಿ. ಅದೇನು ದೊಡ್ಡ ವಿದ್ಯಾ ಅಲ್ಲ. ಈಗ ಮೊಬೈಲಿನ್ಯಾಗ ಪಟ್ಟಿನ ಬರ್ತೈತಿ, ಟಿಕ್ ಹೊಡಕೋತ ಹೋದ್ರ ಆತು. ಖರೆ ತ್ರಾಸು ಬರೂದು ಯಾವಾಗ ಅಂದ್ರ, ಗಾಡಿ ಹೊಳ್ಳಿ ಬಂದು, ಎಲ್ಲಾ ಸರಿ ಐತಿ ಅಂತ ಸಹಿ ಆಗಿ, ಗಿರಾಕಿ ತಮ್ಮ ಮನಿ ಮುಟ್ಟಿ ಉಂಡು ಮಲಗಿ ನಾಕ ದಿನಾ ಆದ ಮ್ಯಾಲೆ ನಮ್ಮ ಕಣ್ಣಿಗೆ ಒಂದು ತೂತೋ ಗೀರೋ ಬೀಳ್ತೈತಲ್ಲ, ಆವಾಗ. ಆವಾಗ ಏನ ಮಾಡ್ಬೇಕು ಅನ್ನೂದು ಯಾ ಪಟ್ಟಿನ್ಯಾಗೂ ಇಲ್ಲ. ಅದನ್ನ ಇಲ್ಲಿ ಬರೀತೇನಿ. ಬರಿಯೂದ್ರಾಗ ನನ್ನ ಮರ್ಯಾದಿ ಸ್ವಲ್ಪ ಹೋಗ್ತೈತಿ, ಹೋಗ್ಲಿ ಬಿಡ್ರಿ. ಕೆಲಸಾ ಬಿಟ್ಟು ಮನ್ಯಾಗ ಕುಂತ ಮ್ಯಾಲೆ ಅದನ್ನ ಇಟ್ಕೊಂಡು ನಾ ಏನ ಮಾಡ್ಲಿ?

ಮೊದಲ ಇಪ್ಪತ್ತು ವರ್ಷ ನಾ ಬಾಗಲಕೋಟಿಯೊಳಗ ಟ್ಯಾಕ್ಸಿ ಹೊಡದಾಂವ. ಟೊಂಕಾ ಹೋತು. ಆಮ್ಯಾಲೆ ಕಡೀ ಹನ್ನೊಂದು ವರ್ಷ ನವನಗರದಾಗ ಬಸಲಿಂಗಪ್ಪ ಸಾವಕಾರರ ಬಾಡಿಗಿ ಕಾರಿನ ಆಫೀಸಿನ್ಯಾಗ ಇದ್ನಿ. ಡ್ರೈವರ್ ಇಲ್ಲದ ಬಾಡಿಗಿ ಕಾರು. ಗಿರಾಕಿನ ಹೊಡಕೊಂಡು ಹೋಗಬೇಕು, ಗಿರಾಕಿನ ತಂದು ಬಿಡಬೇಕು. ಕರೀ ನಂಬರ್ ಪ್ಲೇಟು, ಅದರ ಮ್ಯಾಲೆ ಹಳದಿ ಅಕ್ಷರ. ಆರು ಗಾಡಿ, ಒಂದು ತಗಡಿನ ಶೆಡ್ಡು, ಒಂದು ಟೇಬಲ್ಲು, ಒಂದು ನಾನು. ಗಾಡಿ ತೊಳ್ಯಾಕ ನಾಗವ್ವ ಅನ್ನೂ ಹೆಣಮಗಳು ಬರ್ತಿದ್ಲು. ಕೈ ಭಾಳ ಸ್ವಚ್ಛ, ಬಾಯಿ ಭಾಳ ಚೂಪು.

ಸಾವಕಾರ್ರು ಮನಸಿನಿಂದ ಛಲೋ ಮನಶ್ಯಾ, ಸಿಟ್ಟು ಬಂದ್ರ ಮಾತ್ರ ಯಾರೂ ಎದುರು ನಿಂದರಬಾರ್ದು. ಅವರದೊಂದು ಕಾಯ್ದೆ ಇತ್ತು: ಗಾಡಿಯೊಳಗ ಯಾವಾಗ ಏನ ಹಾಳಾಗಿದ್ದು ಸಿಕ್ಕರೂ, ಕಡೀಕ ಯಾರ ಕೈಯಾಗ ಇತ್ತೋ ಅವರ ಮ್ಯಾಲೆ ಬಿಲ್ಲು. ಗಿರಾಕಿ ಇಟ್ಟ ಡಿಪಾಜಿಟ್ಟು ಹದಿನೈದು ದಿನಾ ನಮ್ಮ ಹತ್ರನ ಇರ್ತಿತ್ತು, ಅದ್ರಾಗ ಮುರಕೊಂಡು ಉಳದದ್ದು ಕಳಸೂದು. ಹಿಂಗ ತಡಾ ಮಾಡಿ ಹಾಕೂ ಬಿಲ್ಲಿಗೆ ನಾವು 'ಹಿಂದಾಗಡಿ ಬಿಲ್ಲು' ಅಂತಿದ್ವಿ. ಮೊದಲ ಮೊದಲ ಇದು ನನಗೂ ಭಾಳ ಸರಿ ಅನಿಸಿತ್ತು.

ಗಾಡಿ ತಪಾಸ ಮಾಡೂ ರೀತಿ ನೋಡಿದ್ರ ಈಗಿನ ಹುಡುಗರು ನಗ್ತಾರ. ಶುರುವಿನ್ಯಾಗ ಒಂದು ನೋಟಬುಕ್ಕು, ಅದ್ರಾಗ ಕಾರಿನ ಚಿತ್ರ ನಾನ ಬರದಿದ್ನಿ. ಸಾವಕಾರ್ರು ನೋಡಿ, "ಇದೇನಲೇ ಈರ್ಯಾ, ಎಮ್ಮಿ ಮಲಗಿದಂಗ ಐತಲ್ಲ" ಅಂದ್ರು. ಗೀರು ಬಿದ್ದಲ್ಲಿ ಪೆನ್ನಿನಿಂದ ಒಂದು ಗುಣಾಕಾರ ಹಾಕೂದು. ಎರಡು ವರ್ಷದಾಗ ಎಮ್ಮಿ ಮೈ ತುಂಬ ಗುಣಾಕಾರ ಆಗಿ, ಯಾವ್ದು ಹಳೇದು ಯಾವ್ದು ಹೊಸಾದು ದೇವರಿಗೂ ತಿಳೀದಂಗಾತು. ಆಮ್ಯಾಲೆ ಮೊಬೈಲ್ ಫೋಟೋ ಬಂದ್ವು. ಗಾಡಿ ಕೊಡೂ ಮುಂದ ಎಂಟು, ತಗೊಳ್ಳೂ ಮುಂದ ಎಂಟು. ಫೋಟೋ ಬಂದ ಮ್ಯಾಲೆ ತಕರಾರು ಕಡಿಮಿ ಆಕ್ಕಾವು ಅಂತ ತಿಳಕೊಂಡಿದ್ವಿ. ಆಗ್ಲಿಲ್ಲ. ಮೊದಲ ಬಾಯಿಲೆ ಜಗಳಾ ಮಾಡ್ತಿದ್ರು, ಈಗ ಫೋಟೋ ಕಳಿಸಿ ಮಾಡ್ತಾರ.

ನಮ್ಮ ಕಡೆ ಗಾಡಿ ಒಯ್ಯಾವ್ರು ಹತ್ರಾಗ ಆರು ಮಂದಿ ಬದಾಮಿಗೆ ಹೋಗಾವ್ರು. ಬದಾಮಿ ಅಂದ್ರ ಮಂಗ್ಯಾ. ವೈಪರಿನ ರಬ್ಬರ್ ಕಿತ್ಗೊಂಡು ಹೋಗೂದು, ಎಂಟೆನಾ ಬಗ್ಗಿಸೂದು, ಟಪ್ಪಿನ ಮ್ಯಾಲೆ ಕುಣಿಯೂದು, ಇವೆಲ್ಲಾ ಅವು ದಿನಾ ಮಾಡೂ ಉದ್ಯೋಗ. ಇದು ಊರಾಗ ಹಬ್ಬಿ, ಏನ ಆದ್ರೂ ಮಂದಿ "ಮಂಗ್ಯಾ ಮಾಡ್ತ್ರಿ" ಅನ್ನಾಕ ಶುರು ಮಾಡಿದ್ರು. ಒಬ್ಬ ಕಲ್ಲಿನ ಯಾಪಾರಿ ಬಾಗಿಲಾ ಪೂರಾ ನೆಗ್ಗಿಸಿಕೊಂಡು ಬಂದು, "ಮಂಗ್ಯಾ ಜಿಗೀತ್ರಿ" ಅಂದ. ನಾ ಕೇಳಿದ್ನಿ, "ಮಂಗ್ಯಾ ಏನ ಲಾರಿ ತಗೊಂಡು ಬಂದಿತ್ತೇನ್ರಿ?" ಅಂವ ಬದಾಮಿಗೆ ಹೋಗೇ ಇದ್ದಿಲ್ಲ. ಇಳಕಲ್ಲ ಗ್ರಾನೈಟ್ ಕ್ವಾರಿಯಿಂದ ನೆಟ್ಟಗ ಬಂದಿದ್ದ, ಮ್ಯಾಟಿನ ಮ್ಯಾಲೆ ಕೆಂಪು ಕಲ್ಲಿನ ಪುಡಿ ಇನ್ನೂ ಇತ್ತು.

ಅವತ್ತಿನಿಂದ ನಾ ಮಂಗ್ಯಾನ ಹೆಸರು ಬಂದ್ರ ನಂಬೂದ ಬಿಟ್ನಿ. ಒಮ್ಮೆ ಹುನಗುಂದದ ಒಬ್ಬ ಡಾಕ್ಟರ್ರು ಬದಾಮಿಗೆ ಹೋಗಿ ಬಂದ್ರು. ಬಂದ ದಿನಾ ಮಳಿ ಜೋರು, ನಾ ಗಡಬಡಿಯೊಳಗ ನೋಡಿ ಸಹಿ ಹಾಕಿದ್ನಿ. ಎರಡನೇ ದಿನಾ ನೋಡ್ತೇನಿ, ಎಡಗಡೆ ಕನ್ನಡಿಯೊಳಗಿನ ಗಾಜು ಇಲ್ಲ, ಬರೇ ಕರೀ ಬಟ್ಟಲಾ ಉಳದೈತಿ. ಫೋನ್ ಮಾಡಿದ್ರ, "ಮಂಗ್ಯಾ ಇರಬೇಕ್ರಿ" ಅಂದ್ರು. ನಾ ಬಿದ್ದು ಬಿದ್ದು ನಕ್ಕು, "ಡಾಕ್ಟರ್ರ, ಮಂಗ್ಯಾ ಮುಖಾ ನೋಡ್ಕೊಳ್ಳಾಕ ಒಯ್ದಿರಬೇಕು" ಅಂತ ಕುಚೇಷ್ಟಿ ಮಾಡಿ ಬಿಲ್ಲು ಹಾಕಿದ್ನಿ. ನಾಕನೇ ದಿನಾ ಅವರ ಮಗಳು ಒಂದು ಫೋಟೋ ಕಳಿಸಿದ್ಲು, ಗುಡ್ಡದ ಮ್ಯಾಲಿಂದ ತಗದಿದ್ದು. ಗ್ವಾಡಿ ಮ್ಯಾಲೆ ಒಂದು ಮಂಗ್ಯಾ ಕುಂತೈತಿ, ಕೈಯಾಗ ನಮ್ಮ ಗಾಜು, ಖರೇನ ಮುಖಾ ನೋಡ್ಕೊಳ್ಳಾಕತ್ತೈತಿ. ಕೆಳಗ ಆಕಿ ಬರದಿದ್ಲು, "ಬಿಲ್ಲು ಇವರಿಗೆ ಕಳಿಸ್ರಿ ಕಾಕಾ." ಸಾವಕಾರ್ರು ಒಂದು ವಾರ ಆ ಫೋಟೋ ಬಂದವರಿಗೆಲ್ಲಾ ತೋರಿಸಿ, "ಇಂವ ನಮ್ಮ ಹೊಸಾ ಗಿರಾಕಿ" ಅಂತಿದ್ರು.

ತಡಾ ಆದ್ರೂ ಕೆಲವು ಸಲ ಖರೆ ತಾನ ಹೊರಗ ಬರ್ತೈತಿ. ಚಳಿಗಾಲದಾಗ ಒಬ್ಬ ಬ್ಯಾಂಕಿನವರು ಹೆಂಡತಿ ತವರಮನಿಗೆ ಹೋಗಿ ಬಂದ್ರು. ಗಾಡಿ ಫಳಫಳ, ಒಂದು ಗೀರಿಲ್ಲ. ನಾಕನೇ ದಿನಕ್ಕ ಬಾಗಿಲಾ ತಗದ ನಾಗವ್ವ ಸೆರಗು ಮೂಗಿಗೆ ಹಿಡಕೊಂಡು ನಿಂತ್ಲು. "ಈರಣ್ಣಾ, ಒಳಗ ಏನೋ ಸತ್ತೈತಿ." ನೋಡಿದ್ರ ಸೀಟಿನ ಕೆಳಗ ಕರಿಂಡಿ ಚೆಲ್ಲೈತಿ. ಅಗಸಿ, ಮಜ್ಜಿಗಿ, ಬಳ್ಳೊಳ್ಳಿ ಹಾಕಿದ ಕರಿಂಡಿ ಗೊತ್ತಲ್ಲ, ಮೊದಲನೇ ದಿನಾ ಸುಮ್ಮ ಇರ್ತೈತಿ, ನಾಕನೇ ದಿನಾ ಎದ್ದು ಕುಂದರ್ತೈತಿ. ಬ್ಯಾಂಕಿನವರು ಫೋನಿನ್ಯಾಗ ಒಪ್ಪಲಿಲ್ಲ. "ಅದು ನಿಮ್ಮ ಗಾಡಿ ವಾಸನಿ" ಅಂದ್ರು. "ಬಂದು ಮೂಸಿ ನೋಡ್ರಿ" ಅಂದ್ನಿ. ಬಂದ್ರು. ಬಾಗಿಲಾ ತಗದು ತಲಿ ಒಳಗ ಹಾಕಿ, ಒಂದ ಸಲ ಉಸರು ಎಳದು, ಹೊರಗ ಬಂದು ಕೈ ಮುಗದ್ರು. "ನಮ್ಮತ್ತಿದ ಕರಿಂಡಿ. ಇನ್ನ ನಾ ಏನೂ ಮಾತಾಡೂದಿಲ್ಲ." ಸೀಟು ತೊಳಿಯೂ ಖರ್ಚು ಕೊಟ್ಟು, ಹೋಗೂ ಮುಂದ ನಮಗೂ ಒಂದು ಬಾಟ್ಲಿ ಕಳಸ್ತೇನಿ ಅಂದ್ರು. ನಾಗವ್ವ ಬ್ಯಾಡಾಗಿತ್ತು ಅಂದ್ಲು.

ಇನ್ನ ಹೇಳಬೇಕಾಗಿದ್ದ ಸುದ್ದಿಗೆ ಬರ್ತೇನಿ.

ಶಕುಂತಲಾ ಟೀಚರ್ ಅಂತ ಇಳಕಲ್ಲಿನವರು. ವಯಸ್ಸು ಐವತ್ತು ದಾಟಿತ್ತು. ಹುನಗುಂದದ ಆಚೆ ಒಂದು ಹಳ್ಳಿ ಸಾಲಿಗೆ ದಿನಾ ಎರಡು ಬಸ್ಸು ಬದಲಿ ಮಾಡಿ ಹೋಗಿ ಬರಾವ್ರು. ಬಸ್ಸಿನ್ಯಾಗ ಜೋತು ಬಿದ್ದು ಬಿದ್ದು ಸಾಕಾಗಿ, ಕಾರು ಹೊಡಿಯೂದು ಕಲ್ತು ಲೈಸೆನ್ಸ್ ತಗೊಂಡು ನಾಕ ತಿಂಗಳಾಗಿತ್ತು. ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿ ಮುಂಗಡನೂ ಕೊಟ್ಟಿದ್ರು. ಅವರ ಯಜಮಾನ್ರು ವಿರೂಪಾಕ್ಷಪ್ಪ ಹುನಗುಂದದ ಒಬ್ಬ ವಕೀಲರ ಹತ್ರ ಗುಮಾಸ್ತರು. ಅವರು ಒಂದು ಕರಾರು ಹಾಕಿದ್ರಂತ: "ಮೊದಲ ಬಾಡಿಗಿ ಗಾಡಿ ಒಯ್ಯಿ. ಎರಡ ದಿನಾ ಹೊಡಿ. ಒಂದು ಗೀರು ಬೀಳದಂಗ ಹೊಳ್ಳಿ ಕೊಟ್ಟು ಬಾ. ಆಮ್ಯಾಲೆ ನಮ್ಮ ಗಾಡಿ ಮಾತು." ಇದನ್ನೆಲ್ಲಾ ಟೀಚರ್ ನನ್ನ ಟೇಬಲ್ಲಿನ ಮುಂದ ಕುಂತು, ಪರೀಕ್ಷಾ ಬರ್ಯಾಕ ಬಂದವರ ಗತೆ ಕೈ ಹಿಂಡಿಕೋತ ಹೇಳಿದ್ರು. ಕೆರೂರಿನ್ಯಾಗ ಅವ್ವ ಅದಾಳ, ತಮ್ಮನ ಮನ್ಯಾಗ. ಮಗಳು ಹೊಡಿಯೂ ಗಾಡ್ಯಾಗ ಕುಂತು ಶಿವಯೋಗ ಮಂದಿರಕ್ಕ ಹೋಗಬೇಕು ಅಂತ ಆಕಿ ಆಸೆ. ದಸರಾ ಸೂಟಿ ಇತ್ತು. ಖಂಡೇಪೂಜಿ, ಅಂದ್ರ ಆಯುಧ ಪೂಜಿ, ಆದ ಮರುದಿನಾ ಮುಂಜಾನಿ ಅವರು ಬಂದಿದ್ದು.

ಖಂಡೇಪೂಜಿ ದಿನಾ ನಮ್ಮ ಶೆಡ್ಡಿನ ಸಂಭ್ರಮ ಕೇಳಬ್ಯಾಡ್ರಿ. ಆರೂ ಗಾಡಿ ತೊಳದು ಸಾಲಾಗಿ ನಿಲ್ಲಿಸಿ, ಬಾಳಿ ಕಂಬ ಕಟ್ಟಿ, ಮುಂದಿನ ಬಿಳೀ ಗಾಡಿಗೆ ಚೆಂಡು ಹೂವಿನ ದಪ್ಪ ಮಾಲಿ ಈ ಕಡಿಯಿಂದ ಆ ಕಡಿ ತನಕ ಎರಡ ಸುತ್ತು ಹಾಕಿದ್ವಿ. ಮಾಲಿ ಬಂಪರ್ ಮುಚ್ಚಿ ಕೆಳಗ ಇಳಿಬಿದ್ದಿತ್ತು. ಸಾವಕಾರ್ರು ಕಾಯಿ ಕೈಲಿಂದ ಒಡ್ಯಾವ್ರಲ್ಲ. ಅರಿಷಿಣ ಕುಂಕುಮ ಹಚ್ಚಿ, ಎತ್ತಿ ಬೀಸಿ, ಗಾಡಿ ಮುಂದಿನ ಕಲ್ಲಿಗೆ ಒಗಿಯಾವ್ರು. ನಾ ಅದರ ವಿಡಿಯೋ ತಗೀತಿದ್ನಿ, ಅವರ ಸ್ಟೇಟಸ್ಸಿಗೆ ಬೇಕಾಗ್ತಿತ್ತು.

ನಮ್ಮ ಕಡೆ ಪೂಜಿ ಮಾಲಿ ಕೈ ಹಚ್ಚಿ ಹರಿಯಂಗಿಲ್ಲ. ತಾನ ಒಣಗಿ ಉದುರಬೇಕು. ಹಿಂಗಾಗಿ ಟೀಚರಿಗೆ ಗಾಡಿ ಕೊಡೂ ಮುಂದ ಮಾಲಿ ಸಮೇತನ ಎಂಟು ಫೋಟೋ ಹೊಡದು ಕೊಟ್ನಿ. ಮುಂದಿನ ಫೋಟೋದಾಗ ಗಾಡಿಗಿಂತ ಹೂವ ಜಾಸ್ತಿ. ಮೂರನೇ ದಿನಾ ಹೊಳ್ಳಿ ತಂದ್ರು, ಮಾಲಿ ಸ್ವಲ್ಪ ಬಾಡಿತ್ತು, ಹಂಗ ಇತ್ತು. ನಾ ಸುತ್ತು ಹೊಡದು ನೋಡಿದ್ನಿ, ಮಾಲಿ ಎತ್ತಿ ನೋಡ್ಲಿಲ್ಲ. "ಏನೂ ಆಗಿಲ್ಲಲ್ರಿ? ಇನ್ನೊಮ್ಮೆ ನೋಡ್ರಿ ಸರ್" ಅಂತ ಟೀಚರ್ ಮೂರು ಸಲ ಕೇಳಿದ್ರು. "ಟೀಚರ್, ಹೂವಿನಂಗ ತಂದೀರಿ, ನಡೀರಿ" ಅಂದು ಸಹಿ ಹಾಕಿದ್ನಿ. ಅವರು ಆ ಚೀಟಿ ಫೋಟೋ ಹೊಡದು ಅಲ್ಲೇ ಯಜಮಾನ್ರಿಗೆ ಕಳಿಸಿದ್ರು. ಆ ಖುಷಿ ನೋಡಿ ನನಗೂ ಖುಷಿ ಆತು.

ಆ ಗಾಡಿ ಕಾಗದಪತ್ರದ ಅವಧಿ ಮರುದಿನಾನ ಮುಗೀತು, ಹೊಸಾದು ಆಗೂ ತನಕ ಶೆಡ್ಡಿನ್ಯಾಗ ನಿಂತಿತ್ತು. ಒಂಬತ್ತನೇ ದಿನಾ ನಾಗವ್ವ ಪೈಪ್ ಹಿಡದು ನೀರು ಬಿಟ್ಟಾಗ ಒಣಗಿದ ಮಾಲಿ ಪೂರಾ ಕಳಚಿ ಬಿತ್ತು. "ಈರಣ್ಣಾ, ಬಾ ಇಲ್ಲಿ. ನಿನ್ನ ಗಾಡಿ ಒಂದು ಕಣ್ಣು ಹೋಗೈತಿ" ಅಂದ್ಲು. ಬಂಪರಿನ ಎಡಗಡೆ ಕೆಳಗಿನ ಸಣ್ಣ ದೀಪದ ಗಾಜು ಒಡದು ಒಂದು ತೂತು, ಬಾಜೂಕಿನ ಜಾಳಿಗಿಯೊಳಗ ಎರಡು ಪಟ್ಟಿ ಮುರದಿದ್ವು.

ಸಾವಕಾರ್ರು ಕೇಳಿದ್ರು, "ಕಡೀಕ ಯಾರು ಹೊಡದಿದ್ರು?" ಟೀಚರ್. ಅವರ ನಂತರ ಯಾರೂ ಮುಟ್ಟಿಲ್ಲ. ಇಷ್ಟು ಸ್ವಚ್ಛ ಕೇಸು ನನ್ನ ಹನ್ನೊಂದು ವರ್ಷದಾಗ ಬಂದಿದ್ದಿಲ್ಲ. ಫೋಟೋ ಕಳಿಸಿ ಬಿಲ್ಲು ಹಾಕಿದ್ನಿ. ಜಗಳಾ ಬರ್ತೈತಿ ಅಂತ ನಾ ತಯಾರ ಆಗೇ ಕುಂತಿದ್ನಿ. ಎರಡು ತಾಸಿನ ಮ್ಯಾಲೆ ಟೀಚರ್ ಫೋನ್ ಬಂತು, ಧ್ವನಿ ಬಾವಿಯಾಗಿಂದ ಬಂದಂಗ. "ಹೌದ್ರಿ ಸರ್. ಕೆರೂರ ದಾಟಿದ ಮ್ಯಾಲೆ ರಸ್ತೆದಾಗ ಒಂದು ಹಂಪು ಹತ್ತಿ ಇಳಿಯೂ ಮುಂದ ಟಕ್ ಅಂದಿತ್ತು. ಇಳದು ನೋಡಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದ್ರಿ." ಬರದು ಕಳಿಸ್ರಿ ಅಂದ್ನಿ. ಗುಂಡು ಗುಂಡು ಅಕ್ಷರದಾಗ ಬರದು, ಕೆಳಗ ಗೆರಿ ಎಳದು ಸಹಿ ಮಾಡಿ ಕಳಿಸಿದ್ರು.

ನಾ ಏನ ಮಾಡಿದ್ನಿ ಅಂದ್ರ, ಖುಷಿ ಪಟ್ನಿ. ಒಂದ ಮಾತಿಗೆ ಕಬೂಲ್ ಆದ ಗಿರಾಕಿ ಅಂತ ಆ ಕಾಗದಾ ಬಂದವರಿಗೆಲ್ಲಾ ತೋರಿಸಿದ್ನಿ. ಸಾವಕಾರ್ರು ಎಲ್ಲಾರಿಗೂ ಗಿರಮಿಟ್ ತರಿಸಿದ್ರು. ನಾಗವ್ವ ಒಬ್ಬಾಕಿ ಗಿರಮಿಟ್ ತಿನಕೋತ, "ಅಷ್ಟು ಅಂಜಿಕೊಂಡು ಮೂರ ಸಲ ನೋಡ್ರಿ ಅಂದಾಕಿ, ಟಕ್ ಅಂದ್ರ ಇಳದು ನೋಡದ ಇರ್ತಾಳೇನು?" ಅಂದ್ಲು. "ನೀ ಸುಮ್ಮ ತಿನ್ನವ್ವ" ಅಂದ್ನಿ. ಹೊಸಬರಿಗೆ ಹೇಳ್ತೇನಿ, ಗಾಡಿ ತೊಳ್ಯಾವರ ಮಾತು ಸಾವಕಾರರ ಮಾತಿಗಿಂತ ಒಂದು ಕೈ ಮ್ಯಾಲೆ ಇಟ್ಟು ಕೇಳ್ರಿ.

ಹುಬ್ಬಳ್ಳಿಯಿಂದ ಹೊಸಾ ದೀಪಾ ಬರೂದ್ರಾಗ ತಿಂಗಳಾ ದಾಟಿತ್ತು. ಹಾಕಾಕ ಗ್ಯಾರೇಜಿನ ಮೆಹಬೂಬಭಾಯಿ ಬಂದ. ಬಂಪರ್ ಬಿಚ್ಚಿದ, ಕೈ ಒಳಗ ಹಾಕಿದ, ಏನೋ ಹಿರಿದು ತಗದು ನನ್ನ ಅಂಗೈಯಾಗ ಇಟ್ಟ. "ಈರಣ್ಣಾರ, ನಿಮ್ಮ ಗಾಡಿ ಕಾಯಿ ತಿಂತೈತೇನ್ರಿ?" ನೋಡ್ತೇನಿ, ತೆಂಗಿನಕಾಯಿ ಚಿಪ್ಪಿನ ಒಂದು ಚೂರು. ಒಳಗ ಕೊಬ್ಬರಿ ಒಣಗಿ ಹಳದಿ ಆಗಿತ್ತು. ಹೊರಗ ಅರಿಷಿಣ, ಕುಂಕುಮ.

ಮೊಬೈಲ್ ತಗದು ಖಂಡೇಪೂಜಿ ವಿಡಿಯೋ ಹಚ್ಚಿದ್ನಿ. ಸಾವಕಾರ್ರು ಕಾಯಿ ಒಗೀತಾರ, ಕಾಯಿ ಠಪ್ ಅಂತ ಒಡೀತೈತಿ, ಅದರ ಬೆನ್ನಿಗೆ ಮಾಲಿ ಹಿಂದ ಇನ್ನೊಂದು ಸಣ್ಣ ಸಪ್ಪಳ. ಸಾವಕಾರ್ರು ಕೆಳಗ ಬಗ್ಗಿ, "ಒಂದು ಚೂರು ಎತ್ತ ಹೋತಲೇ?" ಅಂತಾರ. ಆಮ್ಯಾಲೆ ನನ್ನ ದನಿ, ಜೋರಾಗಿ, ನಗಕೋತ: "ದೇವರ ಇಸ್ಕೊಂಡ ಬಿಡ್ರಿ ಸಾವಕಾರ್ರ!" ಎಲ್ಲಾರೂ ನಗ್ತಾರ. ಮೆಹಬೂಬಭಾಯಿ ನಗಲಿಲ್ಲ. "ಯಾರ ಮ್ಯಾಲೆ ಬಿಲ್ಲು ಹಾಕಿದ್ರಿ?" ಅಂತ ಕೇಳಿದ. ಟೀಚರ್ ನಂತರ ಯಾರ್ಯಾರು ಗಾಡಿ ಮುಟ್ಟ್ಯಾರ ಅಂತ ಎಣಿಸಿದ್ನಿ, ಅವರಕಿಂತ ಮೊದಲ ಮುಟ್ಟಿದ ನಮ್ಮ ಕೈ ನಾ ಎಣಿಸಿದ್ದಿಲ್ಲ. ಈಗ ನಮ್ಮ ಆಫೀಸಿನ್ಯಾಗ ಮಾಲಿ ಹಾಕೂದು ಗೇಟಿಗೆ, ಕಾಯಿ ಒಡಿಯೂದು ಗೇಟಿನ ಹೊರಗ. ನೀವೂ ಹಂಗ ಮಾಡ್ರಿ.

ಸಾವಕಾರ್ರು ವಿಡಿಯೋ ನೋಡಿ ಮುಖಾ ಸಣ್ಣದು ಮಾಡಿಕೊಂಡ್ರು. "ಪೂಜಿ ಕಾಯಿಂದ ಹಿಂಗಾತು ಅಂತ ಊರಾಗ ಹಬ್ಬಿಸಬ್ಯಾಡ. ಟೀಚರ್ ಅಕ್ಕಾರಿಗೆ ರೊಕ್ಕಾ ಹೊಳ್ಳಿ ಹಾಕು, ಸುಮ್ಮಾಗು" ಅಂದ್ರು. ನಾನೂ ಸುಮ್ಮಾದ್ನಿ, ಸುಳ್ಳ ಯಾಕ ಹೇಳ್ಲಿ. 'ಬಿಲ್ಲು ರದ್ದು ಮಾಡೇವಿ' ಅಂತ ಬರದು ರೊಕ್ಕಾ ಹಾಕಿದ್ನಿ. ಮರುದಿನಾ ಮುಂಜಾನಿ ಆ ರೊಕ್ಕಾ ಪೂರಾ ನಮ್ಮ ಖಾತೆಗೆ ಹೊಳ್ಳಿ ಬಂದಿತ್ತು. ಕೆಳಗ ಎರಡು ಸಾಲು: 'ತಪ್ಪು ನಂದು ಸರ್. ನನ್ನ ಮ್ಯಾಲೆ ಕರುಣಾ ತೋರಿಸಬ್ಯಾಡ್ರಿ.'

ಫೋನ್ ಮಾಡಿದ್ನಿ. ಹೆಂಗ ಶುರು ಮಾಡೂದು ತಿಳೀಲಿಲ್ಲ, "ಟೀಚರ್, ಗಾಡಿ ತಗೊಂಡ್ರೇನ್ರಿ?" ಅಂತ ಕೇಳಿಬಿಟ್ನಿ.

"ಇಲ್ರಿ. ಮುಂಗಡ ಹೊಳ್ಳಿ ಇಸ್ಕೊಂಡ್ವಿ. ಅದು ನನ್ನ ಕೈಲಿ ಆಗೂ ಕೆಲಸ ಅಲ್ರಿ ಸರ್. ಗಾಡಿಗೆ ಹತ್ತಿದ್ದು ಗೊತ್ತಾಗದಾಕಿಗೆ ನಾಳೆ ಮನಶ್ಯಾಗ ಹತ್ತಿದ್ದು ಗೊತ್ತಾಗ್ತೈತೇನ್ರಿ? ಬಸ್ಸ ಛಲೋ."

ಅವತ್ತು ಮಧ್ಯಾಹ್ನ ನೆಟ್ಟಗ ಸಾವಕಾರರ ಮನಿಗೆ ಹೋದ್ನಿ. "ಸಾವಕಾರ್ರ, ನಾ ರವಿವಾರ ಇಳಕಲ್ಲಿಗೆ ಹೋಗ್ತೇನಿ. ಕಾಯಿ ಸುದ್ದಿ ಹೇಳ್ತೇನಿ. ಬ್ಯಾಡ ಅಂದ್ರ ಇವತ್ತ ಕೆಲಸದಿಂದ ತಗೀರಿ." ಅವರು ಎದ್ದು ನಿಂತು ಬೈದ ಬೈಗುಳಾ ಇಲ್ಲಿ ಬರ್ಯಾಕ ಬರೂದಿಲ್ಲ. ನಾ ಹಂಗ ನಿಂತಿದ್ನಿ. ಬೈದು ಬೈದು ದಣದು, ಕುಂತು, ನೀರು ಕುಡದ್ರು. ಆಮ್ಯಾಲೆ ಅಂದ್ರು, "ಬಸ್ಸಿಗೆ ಹೋಗಬ್ಯಾಡ. ಆ ಬಿಳೀ ಗಾಡಿನ ಒಯ್ಯಿ. ಹೇಳೂ ಮುಂದ ನನ್ನ ಹೆಸರೂ ಹೇಳು. ಕಾಯಿ ಒಗದಾಂವ ನಾನು." ಹನ್ನೊಂದು ವರ್ಷದಾಗ ಅವತ್ತಿನಷ್ಟು ಆ ಮನಶ್ಯಾ ನನಗ ಸೇರಿದ್ದಿಲ್ಲ.

ಇಳಕಲ್ಲಿನ್ಯಾಗ ಟೀಚರ್ ಮನಿ ನೇಕಾರ ಓಣ್ಯಾಗ. ಬಾಜೂ ಮನ್ಯಾಗ ಸೀರಿ ಮಗ್ಗದ ಸಪ್ಪಳ ನಡದಿತ್ತು. ಬಾಗಿಲಾ ತಗದವರು ವಿರೂಪಾಕ್ಷಪ್ಪ, ಬನಿಯನ್ ಮ್ಯಾಲೆ ಟಾವೆಲ್, ಮೂಗಿನ ತುದಿಗೆ ಚಾಳೀಸ್. ನಾ ಕಾಗದದಾಗ ಸುತ್ತಿದ ಚಿಪ್ಪಿನ ಚೂರು ಟೀಪಾಯಿ ಮ್ಯಾಲೆ ಇಟ್ಟು ಎಲ್ಲಾ ಹೇಳಿದ್ನಿ. ಅವರು ಚೂರು ಬೆಳಕಿಗೆ ಹಿಡದ್ರು, ಹೊಳ್ಳಿಸಿ ಮಳ್ಳಿಸಿ ನೋಡಿದ್ರು, ವಿಡಿಯೋ ಮೂರು ಸಲ ಹಚ್ಚಿಸಿದ್ರು.

"ಈ ನಗೂ ಧ್ವನಿ ಯಾರದ್ರಿ?"

"ನಂದ್ರಿ."

"ಎಲ್ಲಾ ಸರಿ ಐತಿ ಅಂತ ಚೀಟಿ ಮ್ಯಾಲೆ ಸಹಿ ಮಾಡಿದ್ದು?"

"ಅದೂ ನಾನರಿ."

"ಆದ್ರ ಇಕಿ ತಾನ ಬರದು ಕೊಟ್ಟಾಳಲ್ರಿ. ಟಕ್ ಅಂತ ಸಪ್ಪಳ ಆಗಿತ್ತು ಅಂತ."

"ನಾ ಫೋಟೋ ಕಳಿಸಿದ ಮ್ಯಾಲೆ ಆ ಸಪ್ಪಳ ಆಗೈತ್ರಿ" ಅಂದ್ನಿ. "ಅದಕ್ಕಿಂತ ಮೊದಲ ಆಗಿದ್ದಿಲ್ಲ. ನಾ ಅವರನ್ನ ಅಂಜಿಸೇನಿ, ಅಂಜಿಕ್ಯಾಗ ಅವರಿಗೆ ಕೇಳಿಸೈತಿ."

ವಿರೂಪಾಕ್ಷಪ್ಪ ಚಾಳೀಸ್ ತಗದು ಕೈಯಾಗ ಹಿಡಕೊಂಡ್ರು. ಟೀಚರ್ ಅಡಗಿಮನಿ ಬಾಗಿಲದಾಗ ಚಾದ ಕಪ್ಪು ಹಿಡಕೊಂಡು ಯಾವಾಗಿಂದ ನಿಂತಿದ್ರೋ ನಾ ನೋಡಿದ್ದಿಲ್ಲ. ಕಪ್ಪು ಕೆಳಗ ಇಟ್ಟು ಹೊರಗ ಬಂದ್ರು. ಅಳ್ತಾರ ಅಂತ ತಿಳದಿದ್ನಿ. ಅವರು ಸಿಟ್ಟಿಗೆದ್ದಿದ್ರು.

"ಏನ್ರಿ ಸರ್ ನೀವು? ಮೂರ ಸಲ ಕೇಳಿದ್ನಿ ನಿಮಗ, ಇನ್ನೊಮ್ಮೆ ನೋಡ್ರಿ, ಇನ್ನೊಮ್ಮೆ ನೋಡ್ರಿ ಅಂತ. ದಿನಾ ಬಸ್ಸಿನ್ಯಾಗ ನಿಂತಾಗ ಆ ಹಂಪು ನೆನಸತಿದ್ನಿ. ಅವ್ವ ಫೋನ್ ಮಾಡಿ ಮತ್ತ ಯಾವಾಗ ಗಾಡಿ ತರ್ತಿ ಅಂತ ಕೇಳಿದ್ರ, ನಾ ಹೊಡಿಯಾಕ ಲಾಯಕ್ ಇಲ್ಲವ್ವ ಅಂದೇನಿ. ನನ್ನ ಬಾಯಿಲೆ ಅಂದೇನ್ರಿ! ರೊಕ್ಕಾ ಹೊಳ್ಳಿ ಹಾಕಿದ್ರಿ. ಆ ಮಾತು ಯಾರ ಹೊಳ್ಳಿ ತಗೋತಾರ?"

ವಯಸ್ಸಿನ್ಯಾಗ ನಾ ದೊಡ್ಡಾಂವ, ಆದ್ರೂ ಎದ್ದು ನಿಂತು ಕೈ ಮುಗದ್ನಿ. "ತಪ್ಪಾತ್ರಿ ಟೀಚರ್" ಅಂದ್ನಿ. ಆಮ್ಯಾಲೆ ಕೀಲಿ ತಗದು ಟೀಪಾಯಿ ಮ್ಯಾಲೆ ಇಟ್ನಿ. "ಅದ ಗಾಡಿ ಹೊರಗ ನಿಂತೈತ್ರಿ. ಬಾಗಲಕೋಟಿಗೆ ಹೊಳ್ಳಿ ಒಯ್ಯಬೇಕು. ನನ್ನ ಟೊಂಕಾ ಹಿಡದೈತಿ, ಇನ್ನ ನನ್ನ ಕೈಲಿ ಹೊಡಿಯಾಕ ಆಗೂದಿಲ್ಲ."

ಟೊಂಕಾ ಹಿಡದಿದ್ದು ಸುಳ್ಳಲ್ಲ, ಅಷ್ಟು ಹಿಡದಿದ್ದಿಲ್ಲ ಅಷ್ಟ.

"ಇಕಿ ಹೊಡಿಯೂದ ಬಿಟ್ಟಾಳ್ರಿ" ಅಂದ್ರು ವಿರೂಪಾಕ್ಷಪ್ಪ, ಮೆತ್ತಗ. ಟೀಚರ್ ಕೀಲಿ ಕಡೆ ನೋಡಿದ್ರು, ಗಂಡನ ಕಡೆ ನೋಡಿದ್ರು. ಒಳಗ ಹೋದ್ರು. ಮುಖಾ ತೊಳಕೊಂಡು, ಸೆರಗು ಟೊಂಕಕ್ಕ ಸಿಗಿಸಿಕೊಂಡು ಬಂದು ಕೀಲಿ ಎತ್ತಿಕೊಂಡ್ರು. "ನೀವು ಬರೂದಿದ್ರ ಅಂಗಿ ಹಾಕ್ಕೊಂಡು ಬರ್ರಿ" ಅಂದ್ರು ಗಂಡಗ.

ಟೀಚರ್ ಸ್ಟೇರಿಂಗಿಗೆ ಕುಂತ್ರು, ನಾ ಅವರ ಬಾಜೂಕ, ವಿರೂಪಾಕ್ಷಪ್ಪ ಹಿಂದ. ಗೇರ್ ಒಂದೊಂದೂ ಸರಿ ಬೀಳ್ತಿದ್ವು. ಹಿಂದಿನಿಂದ "ಸಾವಕಾಶ, ಸಾವಕಾಶ" ಅಂತ ಎರಡು ಸಲ ಬಂತು. ಮೂರನೇ ಸಲ ಬಂದಾಗ ಟೀಚರ್ ಕನ್ನಡಿಯೊಳಗ ನೋಡಿ, "ಸುಮ್ಮ ಕುಂದರ್ರಿ" ಅಂದ್ರು. ನಾ ಕಿಡಕಿ ಕಡೆ ಮುಖಾ ಮಾಡಿ ನಕ್ನಿ.

ಹುನಗುಂದ ಇನ್ನೂ ಸ್ವಲ್ಪ ದೂರ ಇದ್ದಾಗ ಒಂದು ಎತ್ತರದ ಹಂಪು ಬಂತು. ನಿಧಾನಕ್ಕ ಹತ್ತಿಸಿದ್ರು, ಇಳಿಯೂ ಮುಂದ ಕೆಳಗ ಎಲ್ಲೋ ಟಕ್ ಅಂತು. ಟೀಚರ್ ಗಾಡಿ ಅಲ್ಲೇ ನಿಲ್ಲಿಸಿದ್ರು. "ಏನಾಗಿಲ್ರಿ, ನಡೀರಿ" ಅಂದ್ನಿ. ನನ್ನ ಮಾತು ಕೇಳಿದಂಗ ಕಾಣಲಿಲ್ಲ. ಬಾಗಿಲಾ ತಗದು ಇಳದು, ಮುಂದ ಹೋಗಿ, ರಸ್ತೆದಾಗ ಮೊಣಕಾಲು ಊರಿ ಕುಂತು, ಬಂಪರಿನ ಕೆಳಗ ಕೈ ಆಡಿಸಿ ನೋಡಿದ್ರು. ಎಡಗಡೆ ದೀಪಾ ಮುಟ್ಟಿ ನೋಡಿದ್ರು, ಬಲಗಡೆ ದೀಪಾ ಮುಟ್ಟಿ ನೋಡಿದ್ರು. ನಾವಿಬ್ರೂ ಇಳದು ಹತ್ರ ಹೋದ್ವಿ.

ಅವರು ಕೈಗೆ ಹತ್ತಿದ ಧೂಳಾ ನೋಡಿಕೋತ ಎದ್ದು ನಿಂತ್ರು. "ಏನೂ ಆಗಿಲ್ಲ" ಅಂದ್ರು. ಆಮ್ಯಾಲೆ ಗಂಡನ ಮುಖಾ ನೋಡಿ, "ಅವತ್ತೂ ಏನೂ ಆಗಿದ್ದಿಲ್ರಿ. ನಾ ಹೊಡದಿದ್ದಿಲ್ಲ" ಅಂದ್ರು. ಕಣ್ಣಾಗ ನೀರು ಇಳ್ಯಾಕತ್ತಿದ್ವು, ಒರಸಿಕೊಳ್ಳಲಿಲ್ಲ.

"ಇಲ್ಲ, ನೀ ಹೊಡದಿದ್ದಿಲ್ಲ" ಅಂದ್ರು ವಿರೂಪಾಕ್ಷಪ್ಪ. ಅಷ್ಟ್ರಾಗ ನಮ್ಮ ಹಿಂದ ಒಂದು ಕಲ್ಲಿನ ಲಾರಿ ಬಂದು ನಿಂತು ಒಂದ ಸವನ ಹಾರ್ನ್ ಹೊಡ್ಯಾಕತ್ತು. ಅವರು ಗಾಬರಿ ಆಗಿ, "ನಡಿ ನಡಿ, ಗಾಡಿ ತಗಿ, ಲಾರಿಯಾಂವ ಒದರಾಕತ್ತಾನ" ಅಂದ್ರು.

"ಒದರ್ಲಿ ಬಿಡ್ರಿ" ಅಂದ್ರು ಟೀಚರ್. "ನಾ ನೋಡೂ ತನಕ ನಿಂದರ್ಲಿ."

ಸೆರಗು ಇನ್ನೊಮ್ಮೆ ಸಿಗಿಸಿಕೊಂಡು, ಗಾಡಿ ಸುತ್ತ ನಾಕೂ ಕಡೆ, ಒಂದೊಂದ ಹೆಜ್ಜಿ ಇಡಕೋತ, ಸಾವಕಾಶ ನೋಡಿಕೋತ ಬಂದ್ರು. ಲಾರಿಯಾಂವ ಹಾರ್ನ್ ಬಿಟ್ಟು ಸುಮ್ಮ ನಿಂತ.